ವಿಂಡೋಸ್ 11ರೊಳಗೆ ಎಕ್ಸ್‌ಪಿ ಹಾಕಲು ಹೋದರೆ ‘ಹಾರ್ಡ್ ಡಿಸ್ಕ್ ಇಲ್ಲ’ ಎನ್ನುತ್ತಿದೆ

ಬಟರ್‌ಪೇಪರ್ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ 2001ರಿಂದ ಡಿಟಿಪಿ ಮಾಡುತ್ತಿದ್ದೇನೆ. ನಾಮಕರಣದ ಕಾರ್ಡಿನಿಂದ ವೈಕುಂಠ ಸಮಾರಾಧನೆಯ ಕಾರ್ಡಿನವರೆಗೆ, ನಡುವೆ ಬಿಲ್ ಪುಸ್ತಕ, ಸೊಸೈಟಿಗಳ ವಾರ್ಷಿಕ ವರದಿ, ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾದುಹೋಗಿವೆ. ಕೆಲಸವೆಲ್ಲ ಪೇಜ್‌ಮೇಕರ್ 7 ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ, ಅಕ್ಷರವೆಲ್ಲ ನುಡಿ ಎಂಬ ಕನ್ನಡ ಲಿಪಿ ತಂತ್ರಾಂಶದಲ್ಲಿ. ಬಟರ್ ಪೇಪರ್ ಮೇಲೆ ಪ್ರಿಂಟ್ ತೆಗೆದು ಪ್ರೆಸ್ಸಿಗೆ ಕೊಟ್ಟರೆ ನನ್ನ ಪಾಲಿನದು ಮುಗಿಯಿತು.

ಕಳೆದ ತಿಂಗಳು ಮಳೆಯ ಸಂಜೆ ಕರೆಂಟು ಹೋಗಿ ಬಂತು. ನನ್ನ ಹಳೆಯ ಕಂಪ್ಯೂಟರ್ ಮಾತ್ರ ಬರಲಿಲ್ಲ. ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಪೂರಿಯಂತೆ ಉಬ್ಬಿವೆ. ಆ ಬೋರ್ಡು ಈಗ ಸಿಗುವುದಿಲ್ಲ ಎಂದರು. ಪುಣ್ಯಕ್ಕೆ ಹಾರ್ಡ್ ಡಿಸ್ಕ್ ಬದುಕಿದೆ, ಅದರಲ್ಲಿದ್ದ ಫೈಲುಗಳನ್ನೆಲ್ಲ ಹೊಸ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೇನೆ. ಲ್ಯಾಪ್‌ಟಾಪ್ ಮಗಳು ಕೊಡಿಸಿದ್ದು: ವಿಂಡೋಸ್ 11, 16 ಜಿಬಿ ರ‍್ಯಾಮ್. ಇದರಲ್ಲಿ ನನ್ನ ಪೇಜ್‌ಮೇಕರ್ ನೆಟ್ಟಗೆ ನಿಲ್ಲುತ್ತಿಲ್ಲ. ಅದರ ತಪ್ಪೇನಿಲ್ಲ, ಅದರ ಕಾಲವೇ ಬೇರೆ.

‘ಅಮ್ಮ, ವರ್ಚುವಲ್‌ಬಾಕ್ಸ್ ಹಾಕಿಕೋ, ಅದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುತ್ತದೆ, ಅದರೊಳಗೆ ಹಳೆಯ ವಿಂಡೋಸ್ ಎಕ್ಸ್‌ಪಿ ಕೂರಿಸಿಕೋ’ ಎಂದು ಫೋನಿನಲ್ಲಿ ಹೇಳಿ ಮಗಳು ಆಫೀಸಿಗೆ ಹೋದಳು. ಕೂರಿಸಲು ಕುಳಿತು ಇಂದಿಗೆ ನಾಲ್ಕು ದಿನ. ಮೊದಲು ಸಿಡಿಯಿಂದ ಶುರುವೇ ಆಗಲಿಲ್ಲ, ಕಪ್ಪು ಪರದೆ. ಒಂದು ವಿಡಿಯೋ ನೋಡಿ ಸೆಟ್ಟಿಂಗಿನಲ್ಲಿ ಇಎಫ್‌ಐ ಎಂಬುದರ ಗುರುತು ತೆಗೆದೆ. ಆಗ ಆ ಹಳೆಯ ನೀಲಿ ಪರದೆ ಬಂತು, ನನಗೆ ತವರಿನವರನ್ನು ಕಂಡಷ್ಟು ಖುಷಿ. ಎಂಟರ್ ಒತ್ತಿದೆ. ನಿಮ್ಮ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕೇ ಇಲ್ಲ, ಹೊರಡಲು ಎಫ್3 ಒತ್ತಿ ಎಂದಿತು. ನಾನು 80 ಜಿಬಿ ಕೊಟ್ಟಿದ್ದೇನೆ!

ಇನ್ನೊಂದು ಕಾಟ: ಆ ಪರದೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದೆ, ಮೌಸಿನ ಬಾಣ ಮಾಯ. ಏನು ಒತ್ತಿದರೂ ಹೊರಗೆ ಬರಲಿಲ್ಲ. ಕೊನೆಗೆ ಪವರ್ ಗುಂಡಿಯನ್ನೇ ಒತ್ತಿ ಹಿಡಿದೆ.

ಅವಸರ ಏಕೆಂದರೆ, 2011ರಲ್ಲಿ ದೊಡ್ಡ ಮಗಳ ಮದುವೆಗೆ ನನ್ನಲ್ಲಿ ಪತ್ರಿಕೆ ಮಾಡಿಸಿದವರು ಈಗ ಚಿಕ್ಕವಳಿಗೂ ‘ಅದೇ ಪತ್ರಿಕೆ, ಹೆಸರು ಮಾತ್ರ ಬೇರೆ’ ಎಂದು ಹಟ ಹಿಡಿದಿದ್ದಾರೆ. ಅದರ ಬೆನ್ನಿಗೇ ಹಾಸನಾಂಬೆಯ ಬಾಗಿಲು ತೆಗೆಯುತ್ತದೆ. ಆಶ್ವಯುಜ ಹುಣ್ಣಿಮೆಯ ನಂತರದ ಆ ಗುರುವಾರದಿಂದ ಊರಿಗೆ ಊರೇ ಕರಪತ್ರ ಕೇಳುತ್ತದೆ. ತಿಳಿದವರು ದಾರಿ ತೋರಿಸಿ.

ಬೀರೂರು ಜಂಕ್ಷನ್

ಅಕ್ಕ, ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಸತ್ತದ್ದನ್ನು ಏಕೆ ಎಬ್ಬಿಸುತ್ತೀರಿ? ವಿಂಡೋಸ್ ಬದಲು ಉಬುಂಟು ಹಾಕಿ, ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ ಫೈಲುಗಳನ್ನು ತೆರೆಯುತ್ತದೆ. ಎಲ್ಲವೂ ಉಚಿತ.

ಬಟರ್‌ಪೇಪರ್ (ಹಾಸನ)

ತಮ್ಮಾ, ಮದುವೆಗೆ ಮೂರು ವಾರವಿದೆ. ಹೊಸ ಸೈಕಲ್ ಕಲಿಯುವ ಹೊತ್ತಲ್ಲ ಇದು.

ಲ್ಯಾಬ್ ಮೇಷ್ಟರು

ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಇದ್ದು ನಿವೃತ್ತನಾದವನು ನಾನು. ಮಕ್ಕಳು ಇದೇ ಗುಂಡಿಯಲ್ಲಿ ಬೀಳುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ಒಂದೇ ಪ್ರಶ್ನೆ. ಹೊಸ ಯಂತ್ರ ರಚಿಸುವಾಗ ಹೆಸರಿನ ಕೆಳಗೆ ‘ಟೈಪ್’, ‘ವರ್ಷನ್’ ಎಂದು ಕೇಳುತ್ತದೆ. ಅಲ್ಲಿ ಏನನ್ನು ಆರಿಸಿದಿರಿ? ಮತ್ತು ಐಎಸ್‌ಒ ಫೈಲನ್ನು, ಅಂದರೆ ಸಿಡಿಯ ನಕಲು ಫೈಲನ್ನು, ಆಗಲೇ ತೋರಿಸಿದಿರೋ, ಆಮೇಲೋ?

ಬಟರ್‌ಪೇಪರ್ (ಹಾಸನ)

ಐಎಸ್‌ಒ ಆಮೇಲೆ ಹಾಕಿದ್ದು ಸರ್. ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಇಲ್ಲ. ಪಕ್ಕದ ಸ್ಟುಡಿಯೋದವರ ಕಂಪ್ಯೂಟರಿನಲ್ಲಿ ನನ್ನ ಎಕ್ಸ್‌ಪಿ ಸಿಡಿಯಿಂದ ಮಾಡಿಸಿಕೊಂಡು ಬರುವಷ್ಟರಲ್ಲಿ ಸಂಜೆಯಾಯಿತು, ಅಲ್ಲಿಯವರೆಗೆ ಆ ಖಾನೆ ಖಾಲಿ ಬಿಟ್ಟಿದ್ದೆ. ವರ್ಷನ್ ‘ವಿಂಡೋಸ್ 11’ ಎಂದು ಕೊಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಅದೇ ಅಲ್ಲವೇ?

ಲ್ಯಾಬ್ ಮೇಷ್ಟರು

ಸಿಕ್ಕಿತು. ಕಳ್ಳ ಅಲ್ಲೇ ಇದ್ದಾನೆ.

ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಪತ್ರಿಕೆಯಲ್ಲಿ ವರನ ಹೆಸರು ಬರಬೇಕಾದ ಜಾಗದಲ್ಲಿ ಛತ್ರದ ಯಜಮಾನನ ಹೆಸರು ಹಾಕಿದ್ದೀರಿ. ಅದು ಕೇಳಿದ್ದು ಮನೆ ಯಾರದು ಎಂದಲ್ಲ, ಬರುವ ಅತಿಥಿ ಯಾರು ಎಂದು. ನಿಮ್ಮ ಲ್ಯಾಪ್‌ಟಾಪ್ ಆತಿಥೇಯ. ಅದರಲ್ಲಿ ಏನಿದೆ ಎಂಬುದು ವರ್ಚುವಲ್‌ಬಾಕ್ಸಿಗೆ ಮೊದಲೇ ಗೊತ್ತು.

ಆ ಒಂದು ಸಾಲನ್ನು ನೋಡಿಕೊಂಡು ಅದು ಒಳಗೆ ಇಡೀ ಕಂಪ್ಯೂಟರನ್ನೇ ಬೇರೆ ಥರ ಜೋಡಿಸುತ್ತದೆ. ವಿಂಡೋಸ್ 11 ಎಂದರೆ ಇಎಫ್‌ಐ ಬೂಟ್ (ಕಂಪ್ಯೂಟರ್ ಶುರುವಾಗುವ ಹೊಸ ವಿಧಾನ), ಟಿಪಿಎಂ (ಭದ್ರತೆಯ ಚಿಪ್ಪು), ಸಾಟಾ (ಡಿಸ್ಕ್ ಜೋಡಿಸುವ ಹೊಸ ಬಗೆ) ಡಿಸ್ಕ್, 80 ಜಿಬಿ. ಎಕ್ಸ್‌ಪಿ 2001ರ ಹುಡುಗ. ಅವನ ಸಿಡಿ ಹಳೆಯ ಬಯೋಸ್‌ನಿಂದ ಮಾತ್ರ ಶುರುವಾಗುತ್ತದೆ. ಮೊದಲ ಕಪ್ಪು ಪರದೆ ಅದಕ್ಕೆ. ಇಎಫ್‌ಐ ತೆಗೆದಾಗ ಬಾಗಿಲು ತೆರೆಯಿತು, ಆದರೆ ಡಿಸ್ಕ್ ಇನ್ನೂ ಸಾಟಾ ನಿಯಂತ್ರಕದ ಮೇಲೇ ಇದೆ. ಅದರ ಡ್ರೈವರ್ ಎಕ್ಸ್‌ಪಿ ಸಿಡಿಯಲ್ಲಿಲ್ಲ. ಎದುರಿಗಿರುವ ಡಿಸ್ಕ್ ಅವನಿಗೆ ಕಾಣುವುದೇ ಇಲ್ಲ. ಅವನು ಸುಳ್ಳು ಹೇಳಿಲ್ಲ.

ಒಂದೊಂದೇ ಸರಿಪಡಿಸುತ್ತ ಕೂರಬೇಡಿ. ಈ ಯಂತ್ರವನ್ನು ಅಳಿಸಿ, ಹೊಸದು ಮಾಡಿ. ವರ್ಷನ್ ‘ವಿಂಡೋಸ್ ಎಕ್ಸ್‌ಪಿ 32 ಬಿಟ್’ ಎಂದು ಕೊಟ್ಟರೆ ಡಿಸ್ಕನ್ನು ತಾನಾಗಿಯೇ ಐಡಿಇ ಎಂಬ ಹಳೆಯ ಜೋಡಣೆಯ ಮೇಲೆ ಕೂರಿಸುತ್ತದೆ. ಈಗ ಐಎಸ್‌ಒ ಕೈಯಲ್ಲಿದೆಯಲ್ಲ, ಆರಂಭದಲ್ಲೇ ತೋರಿಸಿ. ಆದರೆ ‘ಅನ್‌ಅಟೆಂಡೆಡ್’ (ತಾನಾಗಿಯೇ ನಡೆಯುವ) ಅನುಸ್ಥಾಪನೆ ಆಗದಂತೆ ಅಲ್ಲಿನ ಚೌಕವನ್ನು ನೋಡಿಕೊಳ್ಳಿ, ಕೈಯಾರೆ ಮಾಡುವುದೇ ನಿಮಗೆ ಕ್ಷೇಮ. ಮೆಮೊರಿ 1 ಜಿಬಿ ಕೊಡಿ. ಹದಿನಾರು ಇದೆ ಎಂದು ಎಂಟು ಸುರಿಯಬೇಡಿ, 32 ಬಿಟ್ ಎಕ್ಸ್‌ಪಿ 4 ಜಿಬಿಗಿಂತ ಹೆಚ್ಚನ್ನು ಮುಟ್ಟುವುದೇ ಇಲ್ಲ. ಡಿಸ್ಕ್ 20 ಜಿಬಿ ಧಾರಾಳ. ಅದು ಒಮ್ಮೆಲೇ ಜಾಗ ನುಂಗುವುದಿಲ್ಲ, ತುಂಬಿದಂತೆ ಬೆಳೆಯುತ್ತದೆ. ಬೆಳೆದದ್ದು ಮಾತ್ರ ತಾನಾಗಿ ಕುಗ್ಗುವುದಿಲ್ಲ, ನಮ್ಮ ಹೊಟ್ಟೆಯ ಹಾಗೆ.

ಸಿಡಿ ಬಿಡಿಯಾಗಿ ಕೊಂಡದ್ದೋ, ಕಂಪ್ಯೂಟರಿನೊಂದಿಗೆ ಬಂದದ್ದೋ? ಕಂಪ್ಯೂಟರಿನೊಂದಿಗೆ ಬಂದ ಪರವಾನಗಿ ಆ ಯಂತ್ರಕ್ಕೆ ಕಟ್ಟುಬಿದ್ದಿರುತ್ತದೆ. ಬಿಡಿಯಾಗಿ ಕೊಂಡದ್ದಾದರೆ ಚಿಂತೆಯಿಲ್ಲ. ಹಾಕಿದ 30 ದಿನಗಳೊಳಗೆ ಆಕ್ಟಿವೇಶನ್ ಕೇಳುತ್ತದೆ, ನೆನಪಿಡಿ.

ಬಟರ್‌ಪೇಪರ್ (ಹಾಸನ)

ಬಿಡಿಯಾಗಿ ಕೊಂಡದ್ದು ಸರ್, ಡಬ್ಬಿಯ ಸಮೇತ ಇದೆ. ಆಗ ನನ್ನ ಯಜಮಾನರು ‘ಒಂದು ಸಿಡಿಗೆ ಇಷ್ಟು ದುಡ್ಡೇ’ ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದರು. ಇವತ್ತು ಡಬ್ಬಿ ತೋರಿಸಿದೆ.

ಛತ್ರದ ಯಜಮಾನನ ಹೆಸರು ಓದಿ ನಕ್ಕು ನಕ್ಕು ಸಾಕಾಯಿತು. ಒಮ್ಮೆ ನಿಜವಾಗಿಯೂ ಹಾಗೆ ಅಚ್ಚಾಗಿತ್ತು, ಆ ಕಥೆ ಇನ್ನೊಮ್ಮೆ.

ಬೀರೂರು ಜಂಕ್ಷನ್

ಅಕ್ಕ, ಮೌಸ್ ವಿಷಯಕ್ಕೆ ನನ್ನ ಪ್ರಾಯಶ್ಚಿತ್ತ. ಒಳಗೆ ಸಿಕ್ಕಿಕೊಂಡ ಮೌಸನ್ನು ಬಿಡಿಸುವುದು ಕೀಲಿಮಣೆಯ ಬಲಗಡೆಯ ಕಂಟ್ರೋಲ್ ಕೀ. ವರ್ಚುವಲ್‌ಬಾಕ್ಸಿನಲ್ಲಿ ಅದಕ್ಕೆ ‘ಹೋಸ್ಟ್ ಕೀ’ ಎನ್ನುತ್ತಾರೆ. ನಿಮ್ಮದು ಹೊಸ ಲ್ಯಾಪ್‌ಟಾಪ್ ಎಂದಿರಿ. ಬಲಗಡೆ ಕಂಟ್ರೋಲ್ ಇದೆಯೇ, ಅಥವಾ ಅಲ್ಲಿ ಕೋಪೈಲಟ್ ಕೀ ಇದೆಯೇ?

ಬಟರ್‌ಪೇಪರ್ (ಹಾಸನ)

ಕಂಟ್ರೋಲ್ ಎಡಗಡೆ ಒಂದೇ ಇದೆ. ಬಲಗಡೆ ಏನೋ ರಿಬ್ಬನ್ ಸುತ್ತಿದಂಥ ಚಿತ್ರದ ಗುಂಡಿ.

ಬೀರೂರು ಜಂಕ್ಷನ್

ಅದೇ ಅದು. 2024ರಿಂದ ಬರುತ್ತಿರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಜಾಗವನ್ನು ಕೋಪೈಲಟ್ ಹಿಡಿದುಕೊಂಡಿದೆ. ಹೊರಗೆ ಬರುವ ಕೀಲಿಯೇ ನಿಮ್ಮ ಹತ್ತಿರ ಇರಲಿಲ್ಲ. ಫೈಲ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಇನ್‌ಪುಟ್ ವಿಭಾಗದಲ್ಲಿ ಹೋಸ್ಟ್ ಕೀಯನ್ನು ಬಲಗಡೆಯ ಶಿಫ್ಟಿಗೋ ಆಲ್ಟಿಗೋ ಬದಲಿಸಿ. ಯಂತ್ರ ಶುರು ಮಾಡುವ ಮುಂಚೆಯೇ ಬದಲಿಸಿ.

ಐಜಿ ರಸ್ತೆ ಮುದ್ರಣ (ಚಿಕ್ಕಮಗಳೂರು)

ನಾನೂ ಅದೇ ದೋಣಿಯಲ್ಲಿ ಕುಳಿತವನು, ಮೇಡಂ. ಚಿಕ್ಕಮಗಳೂರಿನಲ್ಲಿ ಮಿನಿ ಆಫ್‌ಸೆಟ್ ಇಟ್ಟುಕೊಂಡಿದ್ದೇನೆ. ಎರಡು ವರ್ಷದಿಂದ ಎಕ್ಸ್‌ಪಿಯನ್ನು ಹೀಗೇ ಡಬ್ಬಿಯಲ್ಲಿ ಸಾಕುತ್ತಿದ್ದೇನೆ. ಆ ತಮ್ಮ ಹೇಳಿದಂತೆ ಡ್ರಾದಲ್ಲೂ ತೆರೆದು ನೋಡಿದ್ದೇನೆ. ಏನಿತ್ತು ಎಂದು ನೋಡಲು ಸಾಕು, ಅಚ್ಚಿಗೆ ಸಾಲದು. ನಮ್ಮ ನುಡಿ ಅಕ್ಷರಗಳು ಯೂನಿಕೋಡ್ (ಎಲ್ಲ ಭಾಷೆಗಳಿಗೂ ಇರುವ ಏಕರೂಪ ಸಂಕೇತ) ಅಲ್ಲ. ಒಳಗಿರುವುದು ಇಂಗ್ಲಿಷ್ ಸಂಕೇತಗಳೇ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಡೆ ‘ಕನ್ನಡ’ ಎಂದು ಹೊಡೆದದ್ದರ ನಡುವೆ ಬ್ರಿಟಿಷರ ಪೌಂಡ್ ಗುರುತು ಎದ್ದು ಕೂರುತ್ತದೆ, ನೀವೂ ನೋಡಿರುತ್ತೀರಿ. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಹಾಗಾಗಿ ಹಳೆಯ ಫೈಲಿಗೆ ಹಳೆಯ ಮನೆಯೇ ಬೇಕು. ಹೊಸ ಕೆಲಸವನ್ನು ಯೂನಿಕೋಡಿನಲ್ಲಿ ಶುರು ಮಾಡಿ, ಅದು ಬೇರೆ ಮಾತು.

ಎಕ್ಸ್‌ಪಿ ಎದ್ದ ಕೂಡಲೇ ಮೇಲಿನ ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ ಸಿಡಿ ಸೇರಿಸಿ ಹಾಕಿಕೊಳ್ಳಿ. ಅದಿಲ್ಲದೆ ಪರದೆ ಅಂಚೆ ಕಾರ್ಡಿನಷ್ಟೇ ಇರುತ್ತದೆ, ಪೇಜ್‌ಮೇಕರಿನ ಟೂಲ್‌ಬಾಕ್ಸೇ ಅರ್ಧ ಪುಟ ಮುಚ್ಚುತ್ತದೆ. ಷೇರ್ಡ್ ಫೋಲ್ಡರ್ ಬರುವುದೂ ಅದರಿಂದಲೇ. ಲ್ಯಾಪ್‌ಟಾಪಿನ ಒಂದು ಫೋಲ್ಡರ್ ಎಕ್ಸ್‌ಪಿಯೊಳಗೆ ಡ್ರೈವ್ ಥರ ಕಾಣುತ್ತದೆ, ಫೈಲುಗಳನ್ನು ಅಲ್ಲಿಂದ ಎಳೆದುಕೊಳ್ಳಿ.

ಆಮೇಲೆ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಅಡಾಪ್ಟರಿನ ಗುರುತು ತೆಗೆದುಬಿಡಿ. ಇದರಲ್ಲಿ ನನ್ನದು ಹಟ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶದ ಹಾವಳಿ ಎದ್ದಾಗ, ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ವಿಶೇಷವಾಗಿ ತೇಪೆ ಕೊಡಬೇಕಾಯಿತು. ಅಂಥದ್ದನ್ನು ಇಂಟರ್‌ನೆಟ್ಟಿಗೆ ಬಿಡುವುದು ಎಂದರೆ ರಾತ್ರಿ ಮುಂಬಾಗಿಲು ತೆರೆದಿಟ್ಟು ಮಲಗಿದಂತೆ. ಷೇರ್ಡ್ ಫೋಲ್ಡರಿಗೆ ನೆಟ್‌ವರ್ಕ್ ಬೇಕಿಲ್ಲ, ಅದು ಬೇರೆ ದಾರಿಯಲ್ಲಿ ಓಡಾಡುತ್ತದೆ.

ಈಗ ಅಸಲು ವಿಷಯ, ಪ್ರಿಂಟ್. ನಿಮ್ಮ ಲೇಸರ್ ಪ್ರಿಂಟರ್ ಹಳೆಯ ಅಗಲ ಬಾಯಿಯ ಪ್ಯಾರಲಲ್ ಕೇಬಲಿನದಾಗಿದ್ದರೆ ಹೊಸ ಲ್ಯಾಪ್‌ಟಾಪಿನಲ್ಲಿ ಆ ಬಾಯಿಯೇ ಇಲ್ಲ. ನಾನು ಅದರ ಸಹವಾಸ ಬಿಟ್ಟೆ. ಎಕ್ಸ್‌ಪಿಯಲ್ಲಿ ಹೊಸ ಪ್ರಿಂಟರ್ ಸೇರಿಸಿ, ಪೋರ್ಟ್ ಕೇಳಿದಾಗ ‘ಫೈಲ್’ ಎಂಬುದನ್ನು ಆರಿಸಿ, ಮಾಡೆಲ್ ಪಟ್ಟಿಯಲ್ಲಿ ಹೆಸರಿನ ಕೊನೆಗೆ ‘ಪಿಎಸ್’ ಎಂದಿರುವ ಯಾವುದಾದರೂ ಲೇಸರ್ ಪ್ರಿಂಟರ್ ಹಿಡಿಯಿರಿ. ಪಿಎಸ್ ಎಂದರೆ ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ, ಪೋಸ್ಟ್‌ಸ್ಕ್ರಿಪ್ಟ್. ಪ್ರಿಂಟ್ ಕೊಟ್ಟರೆ ಕಾಗದ ಬರುವುದಿಲ್ಲ, ಫೈಲ್ ಹುಟ್ಟುತ್ತದೆ. ಅದನ್ನು ಷೇರ್ಡ್ ಫೋಲ್ಡರಿಗೆ ಉಳಿಸಿ, ಈಚೆ ವಿಂಡೋಸ್ 11ರಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದ ಮೂಲಕ ಪಿಡಿಎಫ್ ಮಾಡಿಕೊಳ್ಳಿ. ಫಾಂಟ್‌ಗಳನ್ನು ಫೈಲಿನೊಳಗೇ ಸೇರಿಸಲು ಹೇಳುವುದನ್ನು ಮರೆತರೆ ಮತ್ತೆ ಪೌಂಡ್ ಗುರುತಿನ ದರ್ಶನವಾಗುತ್ತದೆ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ. ಪಿಡಿಎಫ್ ಸರಿಯಾಗಿದ್ದರೆ ಯಾವ ಪ್ರಿಂಟರಿನಲ್ಲಾದರೂ ಬಟರ್ ಪೇಪರ್ ತೆಗೆಯಬಹುದು.

ಬಟರ್‌ಪೇಪರ್ (ಹಾಸನ)

ಬಂತು! ನಿನ್ನೆ ರಾತ್ರಿ ಹನ್ನೊಂದಕ್ಕೆ ಆ ಹಸಿರು ಗುಡ್ಡ, ನೀಲಿ ಆಕಾಶ ಕಂಡಿತು. ಪೇಜ್‌ಮೇಕರ್ ಹಾಕಿದೆ, ನುಡಿ ಹಾಕಿದೆ. ಗೆಸ್ಟ್ ಅಡಿಷನ್ಸ್ ಹಾಕಿದ ಮೇಲೆ ಪರದೆ ಪೂರ್ತಿ ಅಗಲವಾಯಿತು.

ಒಂದು ಸಂಶಯ ಉಳಿದಿದೆ. ಕಿಟಕಿಯ ಕೆಳಗೆ ಬಲಗಡೆ ಪುಟ್ಟ ಚಿತ್ರಗಳ ಸಾಲಿನಲ್ಲಿ ಒಂದು ಹಸಿರು ಆಮೆ ಕುಳಿತಿದೆ. ಅದು ಯಾಕೆ?

ಲ್ಯಾಬ್ ಮೇಷ್ಟರು

ಸಂತೋಷ. ಆಮೆ ಬಂದದ್ದು, ನಿಮ್ಮ ವಿಂಡೋಸ್ 11 ಇದೇ ಕೆಲಸದ ತನ್ನ ಸ್ವಂತ ವ್ಯವಸ್ಥೆಯಾದ ಹೈಪರ್-ವಿಯನ್ನು ಈಗಾಗಲೇ ಚಾಲೂ ಇಟ್ಟುಕೊಂಡಿದೆ ಎಂಬುದಕ್ಕೆ. ಪ್ರೊಸೆಸರಿನ ವರ್ಚುವಲ್ ಸೌಲಭ್ಯವನ್ನು ಅದು ಮೊದಲೇ ಹಿಡಿದಿರುವುದರಿಂದ ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿ ಬರಬೇಕು, ಅಷ್ಟು ನಿಧಾನ. ಸೆಕ್ಯುರಿಟಿ ಸೆಟ್ಟಿಂಗಿನಲ್ಲಿ ಕೋರ್ ಐಸೊಲೇಶನ್ ಕೆಳಗಿನ ‘ಮೆಮೊರಿ ಇಂಟಿಗ್ರಿಟಿ’ ಸಾಮಾನ್ಯವಾಗಿ ಇದಕ್ಕೆ ಕಾರಣ. ತೆಗೆದರೆ ಆಮೆ ಹೋಗಬಹುದು, ಆದರೆ ಲ್ಯಾಪ್‌ಟಾಪಿನ ಒಂದು ಕಾವಲೂ ಹೋಗುತ್ತದೆ. ಪೇಜ್‌ಮೇಕರಿಗೆ ಅಷ್ಟು ವೇಗವೇಕೆ? ಕೆಲಸ ಸಾಗುತ್ತಿದ್ದರೆ ಆಮೆ ಇರಲಿ ಬಿಡಿ.

ಈಗಲೇ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ನಾಳೆ ಏನಾದರೂ ಕೆಟ್ಟರೆ ಈ ಕ್ಷಣಕ್ಕೆ ಹಿಂದಿರುಗಬಹುದು. ಆದರೆ ಅದನ್ನು ಬ್ಯಾಕಪ್ ಎಂದು ನಂಬಬೇಡಿ, ಅದೂ ಅದೇ ಡಿಸ್ಕಿನಲ್ಲೇ ಇರುತ್ತದೆ. ಎಕ್ಸ್‌ಪಿಯನ್ನು ಪೂರ್ತಿ ಶಟ್‌ಡೌನ್ ಮಾಡಿ, ಆ ಯಂತ್ರದ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ ಬೀರುವಿನಲ್ಲಿಡಿ. ಈ ಸಲ ಕೆಪಾಸಿಟರ್ ಉಬ್ಬಿದರೂ ನಾಲ್ಕು ದಿನ ಕೂರಬೇಕಿಲ್ಲ.

ಬಟರ್‌ಪೇಪರ್ (ಹಾಸನ)

ನಕಲು ಆಗುತ್ತಿದೆ ಸರ್, ಇನ್ನೂ ಹತ್ತು ನಿಮಿಷ ತೋರಿಸುತ್ತಿದೆ. ಆಮೆಗೆ ತೊಂದರೆ ಕೊಟ್ಟಿಲ್ಲ.

ಐಜಿ ರಸ್ತೆಯವರೇ, ನಿಮ್ಮ ಪಿಎಸ್ ಉಪಾಯ ಎರಡನೆಯ ಸಲಕ್ಕೆ ಕೂಡಿತು. ಮೊದಲ ಸಲ ಫಾಂಟ್ ಸೇರಿಸಲು ಮರೆತು, ‘ಶ್ರೀ ಗಣೇಶಾಯ ನಮಃ’ ಇರಬೇಕಾದ ಕಡೆ ಪೌಂಡುಗಳೇ ಪೌಂಡು.

2011ರ ಪತ್ರಿಕೆ ತೆರೆದೆ. ಬಾಳೆಕಂಬ, ಓಲಗದವರು, ಅಂಚಿನ ಬಳ್ಳಿ, ಎಲ್ಲವೂ ಇಟ್ಟಲ್ಲೇ ಇವೆ. ಅಕ್ಕನ ಹೆಸರು ತೆಗೆದು ತಂಗಿಯದು ಹಾಕಿದೆ. ಕೆಳಗಿದ್ದ 08172ರ ಸ್ಥಿರ ದೂರವಾಣಿ ತೆಗೆದು ಮೊಬೈಲ್ ಹಾಕಿದೆ. ಆಮೇಲೆ ಆಹ್ವಾನಿಸುವವರ ಸಾಲಿಗೆ ಬಂದಾಗ ಕೈ ನಿಂತಿತು. ಆಗ ಪ್ರೂಫ್ ನೋಡಲು ಬಂದು ‘ನನ್ನ ಹೆಸರು ಇನ್ನೂ ಸ್ವಲ್ಪ ದಪ್ಪ ಇರಲಮ್ಮ’ ಎಂದು ಮೂರು ಸಲ ತಿದ್ದಿಸಿದ್ದ ಅಜ್ಜ ಈಗಿಲ್ಲ. ಆ ಹೆಸರನ್ನು ಕೆಳಗೆ ಇಳಿಸಿ ಹಿಂದೆ ‘ದಿ||’ ಸೇರಿಸಬೇಕು. ದಪ್ಪವನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ, ಮನೆಯವರು ಏನೆನ್ನುತ್ತಾರೋ ನಾಳೆ ಪ್ರೂಫ್ ತೋರಿಸಿದಾಗ ನೋಡಬೇಕು.