ಹುಬ್ಬಳ್ಳಿ ಖಾಸಗಿ ಆಸ್ಪತ್ರೆಯಿಂದ ಪೂರ್ತಿ ಕೇಸ್ ಶೀಟ್ ತಗೊಳ್ಳೂದು ಹೆಂಗ?

ಹಾವೇರಿ_ಓದುಗ:
ರೋಗಿ ಹಾವೇರಿಯವರು, ಆಪರೇಷನ್ ಆಗಿದ್ದು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಳಗ. ಬ್ಯಾರೆ ಡಾಕ್ಟರಿಗೆ ತೋರಸಾಕ ಪೂರ್ತಿ ಕೇಸ್ ಶೀಟ್ ಬೇಕಾಗೇತಿ, ಕೈಯಾಗ ಇರೂದು ಡಿಸ್ಚಾರ್ಜ್ ಸಮರಿ ಅಷ್ಟ. ಯಾವ ಕಾನೂನು ಹಿಡದು ಕೇಳಬೇಕ್ರಿ? ಕೊಡಲಿಲ್ಲಂದ್ರ ಹಾವೇರಿ ಡಿಸಿ ಆಫೀಸಿಗೆ ದೂರು ಕೊಡಬಹುದಾ?

ಕಡತ_ಧಾರವಾಡ:
ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ನಿಯಮ, 1.3.2. ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದರ 72 ತಾಸಿನೊಳಗ ದಾಖಲೆ ಕೊಡಬೇಕು. 2023ರಾಗ ಹೊಸ ನಿಯಮ ಬಂದು ಅದ ಆಗಸ್ಟ್‌ನಾಗ ತಡೆಹಿಡದರು, ಹಿಂಗಾಗಿ 2002ರದ್ದ ನಡೀತೈತಿ.

ಭಾಳ ಮಂದಿ ಎಡವೂದು ಇಲ್ಲಿ: ಈ ನಿಯಮ ಕಟ್ಟಿಹಾಕೂದು ಡಾಕ್ಟರನ್ನ, ಆಸ್ಪತ್ರೆಯನ್ನಲ್ಲ. ಅರ್ಜಿಯನ್ನ ಆಡಳಿತಾಧಿಕಾರಿ ಹೆಸರಿಗೆ ಅಷ್ಟ ಬರೀಬ್ಯಾಡ್ರಿ, ಚಿಕಿತ್ಸೆ ಕೊಟ್ಟ ಡಾಕ್ಟರ ಹೆಸರೂ ಹಾಕ್ರಿ. ಬರೇ "ದಾಖಲೆ ಕೊಡ್ರಿ" ಅಂದ್ರ ಮತ್ತ ಸಮರಿನ ಕೈಗಿಡತಾರ. ಅಡ್ಮಿಷನ್ ನೋಟ್, ನರ್ಸಿಂಗ್ ಚಾರ್ಟ್, ಔಷಧ ಚಾರ್ಟ್, ಆಪರೇಷನ್ ನೋಟ್, ಅನಸ್ತೇಶಿಯಾ ದಾಖಲೆ, ಒಪ್ಪಿಗೆ ಪತ್ರ, ಲ್ಯಾಬ್ ವರದಿ, ಸ್ಕ್ಯಾನಿನ ಸಿಡಿ, ಹಿಂಗ ಒಂದೊಂದಾಗಿ ಬರೀರಿ. ಐಪಿ ನಂಬರ್ (ಒಳರೋಗಿ ನಂಬರ್), ದಾಖಲಾದ ತಾರೀಖು ಮರೀಬ್ಯಾಡ್ರಿ. ಅರ್ಜಿಯ ನಕಲಿನ ಮ್ಯಾಲೆ ಸೀಲು, ತಾರೀಖು, ವೇಳೆ ಹಾಕಿಸಿಕೊಳ್ರಿ. ತಾಸು ಎಣಸೂದು ಅಲ್ಲಿಂದ. ಕೌಂಟರಿನಾಗ ಸೀಲು ಹಾಕಲಿಲ್ಲಂದ್ರ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ರಿ.

ತಡಾ ಮಾಡಬ್ಯಾಡ್ರಿ. ಒಳರೋಗಿ ದಾಖಲೆ ಇಡಬೇಕಾದ್ದು ಚಿಕಿತ್ಸೆ ಶುರುವಾದಾಗಿಂದ 3 ವರ್ಷ ಅಷ್ಟ.

ಜಿಲ್ಲಾ_ಮಾಹಿತಿ:
ದೂರು ಹಾವೇರಿಗೆ ಅಲ್ಲ, ಧಾರವಾಡಕ್ಕ. ರೋಗಿಯ ಊರು ಯಾವುದ ಇರಲಿ, ಆಸ್ಪತ್ರೆ ಯಾವ ಜಿಲ್ಲೆಯಾಗ ನೋಂದಣಿ ಆಗೇತಿ ಅನ್ನೂದ ಮುಖ್ಯ. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಗೆ 2017ರಾಗ ತಿದ್ದುಪಡಿ ಆಗಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಬಂತು. ಅಧ್ಯಕ್ಷರು ಜಿಲ್ಲಾಧಿಕಾರಿ, ಸದಸ್ಯ ಕಾರ್ಯದರ್ಶಿ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ). ಡಾಕ್ಟರ ಮ್ಯಾಲಿನ ದೂರು ಬ್ಯಾರೆ, ಅದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಎರಡನ್ನೂ ಒಂದ ಕಾಗದದಾಗ ಕಲಸಿದರ ಎರಡೂ ಕಡೆ ದೂರು ಮುಂದ ಹೋಗದ ನಿಂತುಬಿಡತಾವು.

ಗದಗ_ಆರ್‌ಟಿಐ:
ಸರಕಾರಿ ಆಸ್ಪತ್ರೆ ಆದರ ಕೆಪಿಎಂಇ ಹತ್ತೂದಿಲ್ಲ, ಆರ್‌ಟಿಐ (ಮಾಹಿತಿ ಹಕ್ಕು ಕಾಯ್ದೆ) ಐತಿ. 10 ರೂಪಾಯಿ ಶುಲ್ಕ, 30 ದಿನ. ನಮ್ಮ ರಾಜ್ಯದಾಗ ಅರ್ಜಿ 150 ಶಬ್ದ ದಾಟಬಾರದು, ವಿಷಯ ಒಂದ ಇರಬೇಕು. ಅರ್ಜಿ ರೋಗಿಯ ಹೆಸರಿನಿಂದನ ಹಾಕ್ರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆರ್‌ಟಿಐನ 8(1)(ಜೆ), ಅಂದ್ರ ವೈಯಕ್ತಿಕ ಮಾಹಿತಿ ಕೊಡದ ಇರಾಕ ಅವಕಾಶ ಕೊಡೂ ಕಲಮು, ಬದಲಿಸೇತಿ, 2025ರ ನವೆಂಬರ್‌ದಿಂದ ಜಾರಿ. ಮಗ ತನ್ನ ಹೆಸರಿಲೆ ಅಪ್ಪನ ದಾಖಲೆ ಕೇಳಿದರ "ವೈಯಕ್ತಿಕ ಮಾಹಿತಿ" ಅಂತ ತಿರಸ್ಕರಿಸೂದು ಈಗ ಇನ್ನೂ ಸಲೀಸು.

ಹಾವೇರಿ_ಓದುಗ:
ರೋಗಿಗೆ ಹುಬ್ಬಳ್ಳಿತನಕ ಬರಾಕ ಆಗೂದಿಲ್ಲ. ಮಗಳು ಹೋದರ ನಡೀತೈತೇನ್ರಿ?

ಕಡತ_ಧಾರವಾಡ:
ನಡೀತೈತ್ರಿ. ರೋಗಿ ಸಹಿ ಅಥವಾ ಹೆಬ್ಬೆಟ್ಟು ಇರೂ ಒಪ್ಪಿಗೆ ಪತ್ರ, ಇಬ್ಬರದೂ ಗುರುತಿನ ಚೀಟಿ ನಕಲು ಒಯ್ಯಲಿ. ಪತ್ರದಾಗ ಮಗಳ ಹೆಸರು ಗುರುತಿನ ಚೀಟಿಯಾಗ ಇದ್ದಂಗನ ಇರಬೇಕು.