ಹಬ್ಬದ ದಿನಗಳ ಊಟ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಆರ್.: ಡಾಕ್ಟ್ರೇ, ನಮಸ್ಕಾರ. ಹಬ್ಬದ ನಾಲ್ಕೇ ದಿನದಲ್ಲಿ ಎರಡು ಕೆಜಿ ಏರಿದ್ದೇನೆ. ಎಲ್ಲಾ ಕೊಬ್ಬೇನಾ?

ಡಾಕ್ಟರ್: ನಮಸ್ಕಾರ. ಇರಲಾರದು. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಉಪ್ಪು, ಸಿಹಿ ಹೆಚ್ಚಾದಾಗ ಮೈಯಲ್ಲಿ ನೀರು ನಿಲ್ಲುತ್ತದೆ. ಎಂದಿನ ಊಟಕ್ಕೆ ಮರಳಿ, ಇಳಿಯುತ್ತದೆ. ಕಾಲು ಊದಿದ್ದರೆ ಅಥವಾ ಏದುಸಿರು ಇದ್ದರೆ ಮಾತ್ರ ತಡಮಾಡದೆ ತೋರಿಸಿ.

ಎಸ್.: ಸಕ್ಕರೆ ಬದಲು ಜೇನುತುಪ್ಪ ಬಳಸಿದರೆ ಶುಗರ್ ಏರಲ್ಲ ಅಲ್ವಾ ಮೇಡಂ?

ಡಾಕ್ಟರ್: ಏರುತ್ತದೆ.

ಕೆ.: ಮಕ್ಕಳಿಗೆ ದಿನಕ್ಕೆ ಎಷ್ಟು ಸಿಹಿ ಕೊಡಬಹುದು?

ಎಂ.: ಅಮ್ಮನಿಗೆ 64 ವರ್ಷ. ಶುಗರ್‌ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ರಾತ್ರಿ ಭರ್ಜರಿ ಊಟ ಇದೆ ಅಂತ ಇವತ್ತು ತಿಂಡಿ ಬಿಟ್ಟು ಬರೀ ಮಾತ್ರೆ ನುಂಗಿದರು. ಹನ್ನೊಂದರ ಹೊತ್ತಿಗೆ ಬೆವರು, ಕೈ ನಡುಕ, ಮಾತು ತೊದಲಿತು. ಒಂದು ತುಂಡು ಸಿಹಿ ಕೊಟ್ಟ ಮೇಲೆ ಚೇತರಿಸಿಕೊಂಡರು. ಮಧ್ಯಾಹ್ನವೂ ಉಪವಾಸ ಇರುತ್ತೇನೆ ಅಂತಾರೆ.

ಡಾಕ್ಟರ್: ಖಂಡಿತ ಬೇಡ. ನೀವು ಹೇಳುತ್ತಿರುವುದು ಶುಗರ್ ಕುಸಿದ ಲಕ್ಷಣ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡುವುದಿಲ್ಲ, ಶುಗರ್ ಇಳಿಸುವ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಒಮ್ಮೆ ಸರಿಹೋದರೂ ಕೆಲವು ಗಂಟೆ ಬಿಟ್ಟು ಮತ್ತೆ ಕುಸಿಯಬಹುದು. ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಅಪಾಯ. ಈಗಲೇ ಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಊಟ ಮಾಡಿಸಿ. ಜಿಡ್ಡಿನ ಸಿಹಿ ನಿಧಾನಕ್ಕೆ ರಕ್ತ ಸೇರುತ್ತದೆ, ಆ ಹೊತ್ತಿಗೆ ಅದು ಬೇಡ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಿರಿ. ಮಾತು ತೊದಲಿದೆ ಅಂದಿರಿ, ಹಾಗಾಗಿ ಇವತ್ತೇ ವೈದ್ಯರಿಗೆ ತೋರಿಸಿ. ಮುಂದಿನ ಡೋಸ್ ಅವರೇ ಹೇಳಲಿ. ಕಿಡ್ನಿ ಪರೀಕ್ಷೆ ಯಾವಾಗ ಆಗಿತ್ತು?

ಪಿ.: ಎಲ್ಲರಿಗೂ ಉಪಯೋಗ ಆಗಲಿ. *ಫಾರ್ವರ್ಡ್: ಊಟಕ್ಕೆ ಮುಂಚೆ ನಿಂಬೆಹಣ್ಣಿನ ಬಿಸಿನೀರು ಕುಡಿದರೆ ಕೊಬ್ಬು ಕರಗುತ್ತದೆ. ಹಬ್ಬದ ಮಾರನೇ ದಿನ ಬರೀ ಜ್ಯೂಸ್ ಕುಡಿಯಿರಿ, ಮಾತ್ರೆ ಬಿಡಿ, ವಿಷ ಹೊರಹೋಗುತ್ತದೆ.*

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ನಿಂಬೆನೀರಿಗೆ ಕೊಬ್ಬು ಕರಗುವುದಿಲ್ಲ. ಮೈಯ ಕಲ್ಮಶ ತೆಗೆಯಲು ಲಿವರ್, ಕಿಡ್ನಿ ಇವೆ. "ಮಾತ್ರೆ ಬಿಡಿ" ಅನ್ನುವ ಸಾಲು ಜೀವ ತೆಗೆಯಬಹುದು.

ಪಿ.: ನಾನು ಸುಮ್ನೆ ಹಂಚಿದ್ದು. ನಂಬಲೇಬೇಕು ಅಂತ ಏನಿಲ್ಲ.

ವಿ.: ಒಬ್ಬರು ಅಮ್ಮನ ಪ್ರಾಣದ ಬಗ್ಗೆ ಕೇಳುತ್ತಿರುವಾಗ "ಸುಮ್ನೆ" ಹಂಚುವುದಾ?

ಪಿ.: ನಿಮ್ಮನ್ನು ಯಾರು ಕೇಳಿದರು?

ಆರ್.: ಮನೆಯವರು ಒತ್ತಾಯ ಮಾಡಿ ಬಡಿಸಿದರೆ ಏನು ಮಾಡುವುದು ಡಾಕ್ಟ್ರೇ?

ವಿ.: ಬೇಡ ಅಂದರಾಯಿತು. ನಾಲಿಗೆ ಹಿಡಿತದಲ್ಲಿದ್ದರೆ ಯಾವ ಡಾಕ್ಟರೂ ಬೇಡ.

ಎಸ್.: ಪ್ರೀತಿಯಿಂದ ಬಡಿಸಿದ್ದನ್ನು ತಳ್ಳಿ ನೋಯಿಸುವುದು ಸುಲಭ ಅಲ್ಲ. ನಿಮ್ಮಷ್ಟು ಕಠಿಣ ಮನಸ್ಸು ಎಲ್ಲರಿಗೂ ಇರಲ್ಲ.

ಡಾಕ್ಟರ್: ಇದರಲ್ಲಿ ಜಗಳ ಬೇಡ. ಹೊಟ್ಟೆ ತುಂಬಿದ್ದು ಮಿದುಳಿಗೆ ತಿಳಿಯಲು ಸುಮಾರು 20 ನಿಮಿಷ ಹಿಡಿಯುತ್ತದೆ. ತರಕಾರಿ, ಬೇಳೆ, ಮೊಟ್ಟೆಯಂಥದ್ದು ಮೊದಲು ತಿನ್ನಿ. ಸಿಹಿಯಲ್ಲಿ ನಿಜಕ್ಕೂ ಇಷ್ಟವಾದದ್ದು ಒಂದೇ ಆರಿಸಿ, ಸಮಾಧಾನವಾಗಿ ರುಚಿ ನೋಡಿ. ಎರಡನೇ ಸಲ ಬಡಿಸಲು ಬಂದರೆ "ಸ್ವಲ್ಪ ಹೊತ್ತು ಬಿಟ್ಟು" ಅನ್ನಿ. ಊಟದ ಮೇಲೆ ಹತ್ತು ನಿಮಿಷ ನಡೆಯಿರಿ.

ಜಿ.: ಜೇನುತುಪ್ಪ ಪರವಾಗಿಲ್ವಾ?

ಡಾಕ್ಟರ್: ಮೇಲೆ ಓದಿ.

ಜಿ.: ಒಂದು ಮಾತು ಹೇಳಿದರೆ ಏನು ಕಷ್ಟ?

ಡಾಕ್ಟರ್: ಹೇಳಿದ್ದೇನೆ. ಎಂ., ಮೀಟರ್ ಏನು ತೋರಿಸಿತು?

ಎಂ.: 66. ಆದರೆ ಈಗ ಆರಾಮಾಗಿ ಕೂತಿದ್ದಾರೆ. ಕಾಯಬಹುದಾ?

ಡಾಕ್ಟರ್: ಕಾಯಬೇಡಿ. ಸಕ್ಕರೆ ನೀರು ಈಗಲೇ. ಏರಿದ ಮೇಲೆ ಊಟ, ಆಮೇಲೆ ನೇರ ಆಸ್ಪತ್ರೆ. ಮಾತ್ರೆಯ ಪಟ್ಟಿ ಜೊತೆಗಿರಲಿ.

ಎಂ.: ಕೊಟ್ಟೆ. 92 ಆಗಿದೆ. ಊಟ ಮಾಡಿಸಿ ಹೊರಡುತ್ತಿದ್ದೇವೆ. ಕಿಡ್ನಿ ಪರೀಕ್ಷೆ ಮಾಡಿಸಿಯೇ ಇಲ್ಲ.

ಡಾಕ್ಟರ್: ಅಲ್ಲಿ ಮೊದಲು ಅದನ್ನೇ ಹೇಳಿ.

ಕೆ.: ಮಕ್ಕಳ ಬಗ್ಗೆ ಆಗಲೇ ಕೇಳಿದ್ದೆ. ಯಾರೂ ಉತ್ತರಿಸಲಿಲ್ಲ.