ಐದು ಸಾವಿರದೊಳಗೆ ಡ್ಯಾಶ್‌ಕ್ಯಾಮ್: ನಮ್ಮ ಬಿಸಿಲಿಗೂ ಮಳೆಗೂ ಬಾಳಿಕೆ ಬರುವಂಥದ್ದು ಯಾವುದು?

ಕಾಪು_ವ್ಯಾಗನಾರ್

ಎಲ್ಲರಿಗೂ ನಮಸ್ಕಾರ. ನನ್ನದು 2020ರ ವ್ಯಾಗನಾರ್. ದಿನಾ ಕಾಪುವಿನಿಂದ ಬೈಕಂಪಾಡಿಗೆ ಹೋಗಿ ಬರುತ್ತೇನೆ. ಹೆದ್ದಾರಿ 66ರ ಕಥೆ ನಿಮಗೆ ಗೊತ್ತೇ ಇದೆ. ಡಿವೈಡರ್ ತೆರೆದ ಜಾಗದಲ್ಲೆಲ್ಲ ರಾಂಗ್ ಸೈಡಿನಿಂದ ಸ್ಕೂಟರ್, ಹಿಂದಿನಿಂದ ಹಾರನ್ ಹೊಡೆಯುತ್ತಾ ಮೈಮೇಲೆ ಬರುವ ಎಕ್ಸ್‌ಪ್ರೆಸ್ ಬಸ್ಸು. ಕಳೆದ ತಿಂಗಳು ಪಡುಬಿದ್ರಿ ಹತ್ತಿರ ಒಬ್ಬ ಬೈಕಿನವನು ಎಡಗಡೆಯಿಂದ ನುಗ್ಗಿ ನನ್ನ ಸೈಡ್ ಮಿರರ್ ಮುರಿದ. ಜನ ಸೇರಿದರು. ಸೇರಿದವರ ಲೆಕ್ಕದಲ್ಲಿ ಯಾವಾಗಲೂ ಕಾರಿನವನದ್ದೇ ತಪ್ಪು ಅಲ್ವಾ? ಮಿರರ್ ಖರ್ಚೂ ನನ್ನದೇ, ಅವನ ಇಂಡಿಕೇಟರ್ ದುಡ್ಡೂ ನನ್ನದೇ ಆಯಿತು.

ಅದಕ್ಕೆ ಡ್ಯಾಶ್‌ಕ್ಯಾಮ್ (ಓಡುವಾಗ ಎದುರಿನ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ) ಹಾಕಿಸುವ ಅಂತ. ಕಾರ್ಡು, ಫಿಟ್ಟಿಂಗ್ ಎಲ್ಲ ಸೇರಿ ಐದು ಸಾವಿರ, ಜಾಸ್ತಿ ಅಂದರೆ ಐದೂವರೆ. ಆನ್‌ಲೈನ್‌ನಲ್ಲಿ ನೋಡಿದರೆ ಎರಡು ಸಾವಿರಕ್ಕೆ 4ಕೆ ಅಂತಾರೆ, ಇನ್ನೊಂದು ಕಡೆ ಎಂಟು ಸಾವಿರಕ್ಕೆ 2ಕೆ ಅಂತಾರೆ (ಚಿತ್ರ ಎಷ್ಟು ಸ್ಪಷ್ಟ ಅನ್ನುವ ಲೆಕ್ಕವಂತೆ), ತಲೆ ಕೆಟ್ಟು ಹೋಯಿತು. ಹಿಂದಿನ ಕ್ಯಾಮೆರಾ ಬೇಕಾ? ಕಾರು ನಿಲ್ಲಿಸಿದ ಮೇಲೂ ರೆಕಾರ್ಡ್ ಮಾಡುವ ಪಾರ್ಕಿಂಗ್ ಮೋಡ್ ಬೇಕಾ? ನಾನೇ ಹಾಕಬಹುದಾ, ಅಂಗಡಿಗೆ ಕೊಡಬೇಕಾ? ಆಫೀಸಿನಲ್ಲಿ ಕಾರು ಇಡೀ ದಿನ ಬಿಸಿಲಲ್ಲೇ ನಿಂತಿರುತ್ತದೆ, ಅದನ್ನೂ ನೆನಪಿಟ್ಟುಕೊಂಡು ಹೇಳಿ.

ಶಿರಾಡಿ_ಸವಾರ

ಮಾರಾಯ್ರೆ, ಇಡೀ ದಿನ ಬಿಸಿಲು ಅಂತ ಕೊನೆಗೆ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಬೇಕು. 4ಕೆ, 2ಕೆ ಎಲ್ಲ ಆಮೇಲೆ.

ಕೀ ಆಫ್ ಮಾಡಿದಾಗ ಕ್ಯಾಮೆರಾಕ್ಕೆ ಕರೆಂಟ್ ಹೋಗುತ್ತದೆ. ಆಗ ಕೊನೆಯ ಫೈಲನ್ನು ಸರಿಯಾಗಿ ಸೇವ್ ಮಾಡಲು ಕೆಲವು ಸೆಕೆಂಡಿಗೆ ಬೇಕಾಗುವಷ್ಟು ಕರೆಂಟನ್ನು ಅದು ಒಳಗೆ ಇಟ್ಟುಕೊಂಡಿರಬೇಕು. ಕೆಲವು ಮಾಡೆಲ್‌ಗಳಲ್ಲಿ ಅದಕ್ಕೆ ಸಣ್ಣ ಲಿಥಿಯಂ ಬ್ಯಾಟರಿ ಇರುತ್ತದೆ, ಕೆಲವದರಲ್ಲಿ ಸೂಪರ್ ಕೆಪಾಸಿಟರ್. ಏಪ್ರಿಲ್-ಮೇಯಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60-70 ಡಿಗ್ರಿ ಮುಟ್ಟುತ್ತದೆ. ಗಾಜಿಗೇ ಅಂಟಿಕೊಂಡ ಕ್ಯಾಮೆರಾದ ಗತಿ ಯೋಚಿಸಿ. ಆ ಬಿಸಿಗೆ ಲಿಥಿಯಂ ಊದಿಕೊಳ್ಳುತ್ತದೆ, ಹಿಂದಿನ ಕವರ್ ಬಿಚ್ಚಿಕೊಳ್ಳುತ್ತದೆ, ಸ್ಕ್ರೀನ್ ಮೇಲೆ ಏಳುತ್ತದೆ. ಕೆಪಾಸಿಟರ್‌ಗೆ ಆ ತೊಂದರೆ ತುಂಬಾ ಕಡಿಮೆ. ಹಾಗಾಗಿ ಬಾಕ್ಸ್ ಮೇಲೆ 'ಸೂಪರ್ ಕೆಪಾಸಿಟರ್' ಅಂತ ಬರೆದಿಲ್ಲ ಅಂದರೆ ನಮ್ಮ ಊರಿಗೆ ಅದು ಬೇಡ, ಎಷ್ಟೇ ಚಂದ ಕಂಡರೂ.

ಎರಡು ಸಾವಿರದ 4ಕೆ ಸುಮ್ನೆ. ಸಣ್ಣ ಚಿತ್ರವನ್ನು ಹಿಗ್ಗಿಸಿ ದೊಡ್ಡ ಫೈಲ್ ಮಾಡುತ್ತದೆ ಅಷ್ಟೇ, ಮೆಮೊರಿ ಕಾರ್ಡ್ ಬೇಗ ತುಂಬುವುದು ಬಿಟ್ಟರೆ ಏನೂ ಲಾಭ ಇಲ್ಲ. ನಿಮ್ಮ ಬಜೆಟ್ಟಿಗೆ ಒಳ್ಳೆ 1080ಪಿ (ಫುಲ್ ಎಚ್‌ಡಿ) ಸಾಕು, ಆಫರ್ ಇರುವಾಗ 1440ಪಿ (2ಕೆ ಅನ್ನುವುದು ಇದನ್ನೇ) ಸಿಕ್ಕರೆ ಇನ್ನೂ ಒಳ್ಳೆಯದು. 70ಮೈ, ಕ್ಯೂಬೋ, ಡಿಡಿಪೈ ಈ ಮೂರರಲ್ಲೂ ಕೆಳಗಿನ ರೇಂಜಿನ ಮಾಡೆಲ್ ನೋಡಿ. ಕ್ಯೂಬೋ ನಮ್ಮ ಹೀರೋ ಗ್ರೂಪಿನದ್ದು. ಸೋನಿಯ ಸ್ಟಾರ್‌ವಿಸ್ ಸೆನ್ಸರ್ ಇದ್ದರೆ ರಾತ್ರಿ ಸ್ವಲ್ಪ ಚೆನ್ನಾಗಿ ಬರುತ್ತದೆ. ಸ್ವಲ್ಪ ಅಂದೆ. ರಾತ್ರಿ ನಂಬರ್ ಪ್ಲೇಟ್ ಓದುವುದು ದುಬಾರಿ ಕ್ಯಾಮೆರಾಕ್ಕೂ ಕಷ್ಟ. ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟ್‌ಗಳು ಹೆಡ್‌ಲೈಟ್ ಬಿದ್ದ ಕೂಡಲೇ ಬೆಳ್ಳಗೆ ಹೊಳೆದು ಅಕ್ಷರವೇ ಮಾಯ. ಅದಕ್ಕೆ ನಾನು ಮಾಡುವುದು ಇಷ್ಟೇ: ಏನಾದರೂ ಆದರೆ ಎದುರಿನ ಗಾಡಿಯ ನಂಬರನ್ನು ಬಾಯಿಬಿಟ್ಟು ಜೋರಾಗಿ ಓದುತ್ತೇನೆ. ಮೈಕ್ ಆನ್ ಇದ್ದರೆ ಅದೂ ರೆಕಾರ್ಡ್ ಆಗುತ್ತದೆ. ಪಕ್ಕದಲ್ಲಿ ಕೂತವರಿಗೆ ನಗು ಬರುತ್ತದೆ, ಬರಲಿ.

ಇನ್ನು ಕಾರ್ಡು. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಫೋನಿನ ಹಳೆ ಕಾರ್ಡ್ ಹಾಕಿದರೆ ಕೆಲವೇ ತಿಂಗಳಿಗೆ ಸಾಯುತ್ತದೆ, ಸತ್ತದ್ದು ಗೊತ್ತಾಗುವುದು ವಿಡಿಯೋ ಬೇಕಾದ ದಿನ. ಡ್ಯಾಶ್‌ಕ್ಯಾಮ್ ಅದರ ಮೇಲೆ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ ಸವೆಸುತ್ತದೆ. ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್ ಅಥವಾ ಸ್ಯಾಮ್‌ಸಂಗ್ ಪ್ರೋ ಎಂಡ್ಯೂರೆನ್ಸ್ ತಗೊಳ್ಳಿ. 1080ಪಿಗೆ ಗಂಟೆಗೆ ಆರೇಳು ಜಿಬಿ ಹೋಗುತ್ತದೆ, 64 ಜಿಬಿ ಕಾರ್ಡಿನಲ್ಲಿ ಸುಮಾರು ಒಂಬತ್ತು ಗಂಟೆಯ ವಿಡಿಯೋ ನಿಲ್ಲುತ್ತದೆ. ನಿಮ್ಮ ಓಡಾಟಕ್ಕೆ ಧಾರಾಳ.

ಮಣಿಪಾಲ_ಬಾಡಿಗೆ

ನಾನು ಟ್ಯಾಕ್ಸಿ ಓಡಿಸುವವ. ಮೇಲೆ ಹೇಳಿದ್ದೆಲ್ಲ ಸರಿ, ಆದರೆ ಹಿಂದಿನ ಕ್ಯಾಮೆರಾ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಹೆಜಮಾಡಿ ಟೋಲಿನ ಕ್ಯೂನಲ್ಲಿ ಹಿಂದಿನಿಂದ ಗುದ್ದಿದರೆ ಮುಂದಿನ ಕ್ಯಾಮೆರಾದಲ್ಲಿ ಏನು ಕಾಣುತ್ತದೆ? ಕಾರು ಒಮ್ಮೆ ಅಲುಗಾಡಿದ್ದು ಕಾಣುತ್ತದೆ. ನನ್ನ ಕೇಳಿದರೆ ಎರಡೂ ಸೇರಿ ಬರುವ ಸೆಟ್ ತಗೊಳ್ಳಿ, ಸಾವಿರ-ಎರಡು ಸಾವಿರ ಜಾಸ್ತಿ ಆದರೂ.

ಇನ್ನೊಂದು, ಹಾಕಿದ ಕೂಡಲೇ ಆ್ಯಪ್‌ನಲ್ಲಿ ಜಿ-ಸೆನ್ಸರ್ ಅನ್ನು 'ಲೋ' ಮಾಡಿ. ಜೋರಾಗಿ ಅಲುಗಿದರೆ ಅಪಘಾತ ಅಂತ ತಿಳಿದು ಆ ಫೈಲನ್ನು ಅಳಿಸದಂತೆ ಲಾಕ್ ಮಾಡುವುದು ಅದರ ಕೆಲಸ. ನಮ್ಮ ಮಳೆಗಾಲದ ಹೊಂಡಗಳಲ್ಲಿ ಕೂಳೂರು ದಾಟುವುದರೊಳಗೆ ಅದಕ್ಕೆ ಹತ್ತು ಅಪಘಾತ ಆಗಿರುತ್ತದೆ. ಲಾಕ್ ಆದ ಫೈಲುಗಳೇ ತುಂಬಿ, ಹೊಸದಕ್ಕೆ ಜಾಗ ಕಡಿಮೆ ಆಗುತ್ತಾ ಬರುತ್ತದೆ. ತಿಂಗಳಿಗೊಮ್ಮೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರ್‌ನಲ್ಲಿ ಅಲ್ಲ. ತಾರೀಕು, ಗಂಟೆ ಸರಿ ಇದೆಯಾ ಅಂತಲೂ ಆವಾಗಲೇ ನೋಡಿ. ಜಿಪಿಎಸ್ ಇಲ್ಲದ ಮಾಡೆಲ್‌ಗಳಲ್ಲಿ ಗಂಟೆ ತಪ್ಪುವುದು ಉಂಟು. ಫೋನಿಗೆ ಕನೆಕ್ಟ್ ಮಾಡಿದರೆ ಸರಿ ಆಗುತ್ತದೆ.

ಉಡುಪಿ_ವೈರಿಂಗ್

ಉಡುಪಿಯಲ್ಲಿ ಆಟೋ ಎಲೆಕ್ಟ್ರಿಷಿಯನ್ ಕೆಲಸ ನನ್ನದು. ಬಾಡಿಗೆಯವರು ಹೇಳಿದ್ದು ಬಾಡಿಗೆ ಕಾರಿಗೆ ಸರಿ. ಕಾಪುವಿನವರ ಬಜೆಟ್ಟಿನಲ್ಲಿ ಎರಡು ಕ್ಯಾಮೆರಾ ಅಂದರೆ ಮುಂದಿನದ್ದರ ಕ್ವಾಲಿಟಿ ಇಳಿಸಬೇಕಾಗುತ್ತದೆ, ಅದು ನನಗೆ ಇಷ್ಟ ಇಲ್ಲ. ಮತ್ತೆ ಹ್ಯಾಚ್‌ಬ್ಯಾಕ್ ಕಾರಲ್ಲಿ ಹಿಂದಿನ ವೈರನ್ನು ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯೊಳಗಿಂದ ಎಳೆಯಬೇಕು. ಆ ರಬ್ಬರನ್ನು ವಾಪಸ್ ಸರಿ ಕೂರಿಸದಿದ್ದರೆ ಜೂನ್‌ನಲ್ಲಿ ನೀರು ಒಳಗೆ. ಅಂಥ ಕಾರುಗಳು ಪ್ರತಿ ಮಳೆಗಾಲ ನನ್ನ ಹತ್ತಿರ ಬರುತ್ತವೆ, ಎಲ್ಲಿಂದ ನೀರು ಅಂತ ಹುಡುಕುವುದೇ ಒಂದು ಕೆಲಸ.

ಮುಂದಿನದನ್ನು ನೀವೇ ಹಾಕಬಹುದು. ಜಾಗ: ಒಳಗಿನ ಮಿರರ್ ಹಿಂದೆ, ಎಡಗಡೆಗೆ, ಫಾಸ್ಟ್ಯಾಗ್‌ಗೆ ತಾಗದ ಹಾಗೆ. ನಿಮ್ಮ ಕಣ್ಣಿಗೆ ಅಡ್ಡ ಬರಬಾರದು, ಆದರೆ ವೈಪರ್ ಒರೆಸುವ ಜಾಗದ ಒಳಗೇ ಇರಬೇಕು. ಇದನ್ನು ತುಂಬಾ ಜನ ನೋಡುವುದಿಲ್ಲ, ತೀರಾ ಮೇಲೆ ಅಂಟಿಸುತ್ತಾರೆ, ಮಳೆ ಬಂದಾಗ ವಿಡಿಯೋದಲ್ಲಿ ನೀರಿನ ಹನಿ ಮಾತ್ರ. ಅಂಟಿಸುವ ಮೊದಲು ಕ್ಯಾಮೆರಾ ಆನ್ ಮಾಡಿ, ಕೈಯಲ್ಲಿ ಹಿಡಿದು ಫೋನಿನಲ್ಲಿ ನೋಡಿ. ಬಾನೆಟ್ ತುದಿ ಸ್ವಲ್ಪ ಕಾಣಬೇಕು, ಆಕಾಶ ಅರ್ಧಕ್ಕಿಂತ ಕಡಿಮೆ ಇರಬೇಕು. ಆಕಾಶ ಜಾಸ್ತಿ ಆದರೆ ಬೆಳಕಿಗೆ ರಸ್ತೆ ಕಪ್ಪಾಗುತ್ತದೆ.

ಗಾಜನ್ನು ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಒಣಗಲಿ. ಮಳೆಗಾಲದಲ್ಲಿ ಗಾಜಿನ ಒಳಗೆ ಕಣ್ಣಿಗೆ ಕಾಣದ ಪಸೆ ಇರುತ್ತದೆ, ಮೊದಲು ಸ್ವಲ್ಪ ಹೊತ್ತು ಎಸಿ ಹಾಕಿ ಗಾಳಿಯನ್ನು ಗಾಜಿಗೆ ಬಿಡಿ. ಟೇಪ್ ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಗುತ್ತದೆ ಅಂದರೆ ಮೌಂಟ್ ಮಾತ್ರ ಅಂಟಿಸಿ, ಕ್ಯಾಮೆರಾವನ್ನು ಮಾರನೇ ದಿನ ಸಿಕ್ಕಿಸಿ. ಅಂಟು ಪೂರ್ತಿ ಹಿಡಿಯಲು ಅಷ್ಟು ಸಮಯ ಬೇಕು.

ವೈರ್ ಎಳೆಯಲು ಉಪಕರಣ ಏನೂ ಬೇಡ, ಹಳೇ ಎಟಿಎಂ ಕಾರ್ಡ್ ಸಾಕು. ಗಾಜು ಮತ್ತು ರೂಫ್ ಲೈನಿಂಗ್ ಸೇರುವ ಸಂದಿಯಲ್ಲಿ ವೈರನ್ನು ಕಾರ್ಡಿನ ಅಂಚಿನಿಂದ ಒಳಗೆ ತಳ್ಳುತ್ತಾ ಬನ್ನಿ. ಮೂಲೆಗೆ ಬಂದ ಮೇಲೆ ಬಾಗಿಲಿನ ಬೀಡಿಂಗ್ ರಬ್ಬರನ್ನು ಸ್ವಲ್ಪ ಎಳೆದು ಅದರೊಳಗೆ ಕೆಳಗೆ ಇಳಿಸಿ. ನಿಮ್ಮ ವ್ಯಾಗನಾರ್‌ನಲ್ಲಿ ಏರ್‌ಬ್ಯಾಗ್ ಮುಂದೆ ಮಾತ್ರ, ಪಿಲ್ಲರ್ (ಗಾಜಿನ ಪಕ್ಕದ ಕಂಬ) ಕಡೆ ಇಲ್ಲ. ಆದರೆ ಇದನ್ನು ಓದುವ ಬೇರೆಯವರು ಗಮನಿಸಿ: ಕರ್ಟನ್ (ಪಕ್ಕದ ಗಾಜಿನ ಮೇಲಿನಿಂದ ಬಿಚ್ಚಿಕೊಳ್ಳುವ) ಏರ್‌ಬ್ಯಾಗ್ ಇರುವ ಕಾರಲ್ಲಿ ವೈರ್ ಏರ್‌ಬ್ಯಾಗಿನ ಮುಂದೆ ಅಡ್ಡ ಹೋಗಲೇಬಾರದು, ಹಿಂದಿನಿಂದ ಹೋಗಬೇಕು. ಅದು ಗೊತ್ತಿಲ್ಲದೆ ಪಿಲ್ಲರ್ ಬಿಚ್ಚಬೇಡಿ, ಗೊತ್ತಿದ್ದವರ ಹತ್ತಿರ ಕೊಡಿ.

ಕರೆಂಟಿಗೆ ಬಂದರೆ, ಪಾರ್ಕಿಂಗ್ ಮೋಡ್ ಬೇಡ ಅಂದರೆ ಜೊತೆಗೆ ಬರುವ ಚಾರ್ಜರನ್ನು 12 ವೋಲ್ಟ್ ಸಾಕೆಟ್ಟಿಗೆ ಚುಚ್ಚಿ, ಕಥೆ ಮುಗಿಯಿತು, ಖರ್ಚೂ ಇಲ್ಲ. ಸಾಕೆಟ್ ಫೋನಿಗೆ ಬೇಕು ಅನ್ನುವವರು ಫ್ಯೂಸ್ ಬಾಕ್ಸಿನಿಂದ ಹಾರ್ಡ್‌ವೈರ್ ಕಿಟ್ ಹಾಕಿಸಿಕೊಳ್ಳಿ. ಕ್ಯಾಮೆರಾ 5 ವೋಲ್ಟಿನದ್ದು, ಆ ಕಿಟ್ ಬ್ಯಾಟರಿಯ 12 ವೋಲ್ಟನ್ನು 5ಕ್ಕೆ ಇಳಿಸುತ್ತದೆ. ಯುಎಸ್‌ಬಿ ವೈರ್ ಕತ್ತರಿಸಿ ನೇರ 12ಕ್ಕೆ ಕೊಟ್ಟವರೂ ಇದ್ದಾರೆ, ಹೊಗೆ ಬರುತ್ತದೆ. ಸಾಕೆಟ್ ಅಥವಾ ಸ್ಟೀರಿಯೋ ಫ್ಯೂಸಿಗೆ ಫ್ಯೂಸ್ ಟ್ಯಾಪ್ (ವೈರ್ ಕತ್ತರಿಸದೆ ಫ್ಯೂಸಿನ ಜಾಗದಿಂದ ಕರೆಂಟ್ ತೆಗೆಯುವ ಕ್ಲಿಪ್) ಹಾಕಿ ಕರೆಂಟ್ ತಗೊಳ್ಳಬೇಕು, ಏರ್‌ಬ್ಯಾಗ್, ಎಬಿಎಸ್, ಇಂಜಿನ್ ಇಸಿಯು ಫ್ಯೂಸ್ ಮುಟ್ಟಬಾರದು. ಅಂಗಡಿಯಲ್ಲಿ ಯಾರಾದರೂ ಟ್ಯಾಪ್ ಇಲ್ಲದೆ ಕಂಪನಿ ವೈರ್ ಸುಲಿದು ಸುತ್ತಿ ಇನ್ಸುಲೇಷನ್ ಟೇಪ್ ಹಾಕಲು ಹೊರಟರೆ ಕೀ ವಾಪಸ್ ತಗೊಂಡು ಬನ್ನಿ. ನಮ್ಮ ಉಪ್ಪು ಗಾಳಿಗೆ ಆ ಜಾಯಿಂಟ್ ಹಸಿರು ಹಿಡಿಯುತ್ತದೆ, ವಾರಂಟಿ ಇದ್ದರೆ ಅದಕ್ಕೂ ತಕರಾರು.

ಪಾರ್ಕಿಂಗ್ ಮೋಡ್ ನಿಮಗೆ ಬೇಡ ಅಂತಲೇ ಹೇಳುತ್ತೇನೆ. ಕ್ಯಾಮೆರಾ ಮೂರ್ನಾಲ್ಕು ವಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ, ಒಂದು ದಿನ ಪೂರ್ತಿ ಓಡಿದರೆ ಆರೇಳು ಆಂಪಿಯರ್-ಅವರ್ ಹೋಯಿತು. ಸಣ್ಣ ಕಾರಿನ ಬ್ಯಾಟರಿ ಇರುವುದೇ 35ರ ಆಸುಪಾಸು. ಕಿಟ್‌ನಲ್ಲಿ ಬ್ಯಾಟರಿ ಇಳಿದಾಗ ತಾನೇ ಆಫ್ ಆಗುವ ಕಟಾಫ್ ಇರುತ್ತದೆ, ನಿಜ. ಆದರೆ ಬ್ಯಾಟರಿ ಹಳೆಯದಾದರೆ ಆ ಕಟಾಫ್ ಬರುವಷ್ಟರಲ್ಲಿ ಸ್ಟಾರ್ಟ್ ಮಾಡುವ ತಾಕತ್ತು ಹೋಗಿರುತ್ತದೆ. ಮೇಲಿಂದ ನಿಮ್ಮ ಕಾರು ಬಿಸಿಲಲ್ಲಿ. ಆ ಬಿಸಿಯಲ್ಲಿ ಕ್ಯಾಮೆರಾ ಇಡೀ ದಿನ ಕೆಲಸವನ್ನೂ ಮಾಡಿದರೆ ಅದರ ಆಯಸ್ಸು ಎಷ್ಟು?

ಶಿರಾಡಿ_ಸವಾರ

ವೈರಿಂಗ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಳೆಗಾಲದಲ್ಲಿ ಎಸಿ ಗಾಳಿ ಗಾಜಿಗೆ ತುಂಬಾ ಹೊತ್ತು ಬಿಟ್ಟರೆ ಗಾಜಿನ ಹೊರಗಡೆ ಮಂಜು ಕೂರುತ್ತದೆ, ಬೆಳಿಗ್ಗೆ ಹೊರಡುವವರು ನೋಡಿಯೇ ಇರುತ್ತೀರಿ. ನಿಮಗೆ ರಸ್ತೆ ಕಂಡರೂ ಕ್ಯಾಮೆರಾ ಎದುರಿನ ಆ ಸಣ್ಣ ತುಂಡು ಮಬ್ಬಾಗಿರಬಹುದು. ವೈಪರ್ ಒಮ್ಮೆ ಹಾಕಿದರೆ ಸಾಕು.

ಕೋರ್ಟ್_ರಸ್ತೆ

ಎಲ್ಲರೂ ಕ್ಯಾಮೆರಾ ಬಗ್ಗೆ ಹೇಳಿದಿರಿ, ವಿಡಿಯೋ ಸಿಕ್ಕಿದ ಮೇಲೆ ಎಂತ ಮಾಡುವುದು ಅಂತ ಯಾರೂ ಹೇಳಲಿಲ್ಲ. ಘಟನೆ ಆದ ಕೂಡಲೇ ಕ್ಯಾಮೆರಾದ ಎಮರ್ಜೆನ್ಸಿ ಬಟನ್ (ಆ ಫೈಲನ್ನು ಅಳಿಸದಂತೆ ಲಾಕ್ ಮಾಡುವುದು) ಒತ್ತಿ, ಫೋನಿಗೆ ಒಂದು ಕಾಪಿ ತಗೊಳ್ಳಿ, ಆಮೇಲೆ ಕ್ಯಾಮೆರಾ ಆಫ್ ಮಾಡಿ ಕಾರ್ಡನ್ನು ತೆಗೆದಿಡಿ. ಬೇರೆ ಕಾರ್ಡ್ ಹಾಕಿ ಓಡಿಸಿ. ಅದೇ ಕಾರ್ಡಿನಲ್ಲಿ ಓಡುತ್ತಾ ಇದ್ದರೆ ಹಳೆಯದರ ಮೇಲೆ ಹೊಸದು ಬರೆದು ಹೋಗುತ್ತದೆ.

ಸ್ಟೇಷನ್‌ನಲ್ಲಿ, ಇನ್ಶೂರೆನ್ಸ್‌ನವರ ಹತ್ತಿರ ಮೊದಲು ಕಾಪಿ ತೋರಿಸಿದರೆ ನಡೆಯುತ್ತದೆ. ಕೇಸು ಕೋರ್ಟಿಗೆ ಹೋದರೆ ಮಾತ್ರ ಬೇರೆ. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ ಅಂತಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ವಿಡಿಯೋ ಕಾಪಿಯ ಜೊತೆ ಸರ್ಟಿಫಿಕೇಟ್ ಕೊಡಬೇಕು, ಅದರಲ್ಲಿ ಎರಡು ಭಾಗ, ಒಂದು ನಿಮ್ಮದು, ಇನ್ನೊಂದು ತಜ್ಞರದ್ದು. ಫೈಲಿನ ಹ್ಯಾಶ್ ನಂಬರೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಗುರುತು) ಅದರಲ್ಲಿ ಬರಬೇಕು. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ನೀವು ಮಾಡಬೇಕಾದ್ದು ಮೂಲ ಫೈಲನ್ನು ಕತ್ತರಿಸದೆ, ಎಡಿಟ್ ಮಾಡದೆ ಇಡುವುದು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೋದ ಹಾಗೆ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಕಾರ್ಡನ್ನೇ ಪೊಲೀಸರು ಕೇಳಿದರೆ ಕೊಡಿ, ಕೊಟ್ಟಿದ್ದಕ್ಕೆ ಬರಹದಲ್ಲಿ ತಗೊಳ್ಳಿ. ಸಿಟ್ಟಿನಲ್ಲಿ ಊರಿನ ಗ್ರೂಪಿಗೆಲ್ಲ ಹಾಕುವುದು ಬೇಡ, ಅದರಿಂದ ನಿಮ್ಮ ಮೇಲೇ ಇನ್ನೊಂದು ದೂರು ಬರಬಹುದು.

ಕಾಪು_ವ್ಯಾಗನಾರ್

ತುಂಬಾ ಉಪಕಾರ ಆಯಿತು ಎಲ್ಲರಿಗೂ. ಕೆಪಾಸಿಟರ್ ಇರುವ 1080ಪಿ, ಮುಂದೆ ಮಾತ್ರ, 64 ಜಿಬಿ ಎಂಡ್ಯೂರೆನ್ಸ್ ಕಾರ್ಡ್, ಸಾಕೆಟ್ ಚಾರ್ಜರ್. ಹಾಗೆ ಮಾಡಿದರೆ ಸ್ವಲ್ಪ ದುಡ್ಡು ಉಳಿಯುತ್ತದೆ, ಬಾಡಿಗೆಯವರು ಬೇಸರ ಮಾಡಬೇಡಿ, ಹಿಂದಿನದ್ದನ್ನು ಆಮೇಲೆ ನೋಡುವ. ಆಮೇಲೆ ಸೇರಿಸಲು ಬರುವ ಮಾಡೆಲನ್ನೇ ತಗೊಳ್ಳುತ್ತೇನೆ. ವೈರಿಂಗ್ ಅಣ್ಣ, ಒಂದೇ ಡೌಟು: ವೈರ್ ಎಡಗಡೆಯಿಂದ ಇಳಿಸುವುದಾ, ಬಲಗಡೆಯಿಂದಾ? ಬಲಗಡೆ ನನಗೆ ಕೈಗೆ ಹತ್ತಿರ.

ಉಡುಪಿ_ವೈರಿಂಗ್

ಎಡಗಡೆ. ಬಲಗಡೆ ಇಳಿಸಿದರೆ ಸಾಕೆಟ್ಟಿಗೆ ಬರಲು ಪೆಡಲ್ ಮೇಲಿನಿಂದ ಹಾಯಬೇಕು, ಟೇಪ್ ಬಿಟ್ಟು ವೈರ್ ಜೋತರೆ ಬ್ರೇಕಿಗೆ ಸಿಕ್ಕುತ್ತದೆ. ಎಡಗಡೆಯ ಬೀಡಿಂಗ್‌ನಲ್ಲಿ ಇಳಿಸಿ, ಗ್ಲೋವ್ ಬಾಕ್ಸ್ ಅಡಿಯಿಂದ ತಂದು, ಎರಡು ಕಡೆ ಕೇಬಲ್ ಟ್ಯಾಗ್ (ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಹಾಕಿ ಬಿಗಿ ಮಾಡಿ. ಉಳಿದ ವೈರನ್ನು ಸುರುಳಿ ಮಾಡಿ ಅಲ್ಲೇ ಒಳಗೆ ಸಿಕ್ಕಿಸಿ, ಚಾರ್ಜರ್ ಹತ್ತಿರ ಗುಡ್ಡೆ ಹಾಕಬೇಡಿ. ಆಗದಿದ್ದರೆ ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ, ಆದರೆ ಕಾರು ತೊಳೆದು ಒದ್ದೆ ಮಾಡಿಕೊಂಡು ಬರಬೇಡಿ.